ಲಿಫ್ಟ್ ಕೊಟ್ಟೇ ಗೆದ್ದೆವು: ಮಹಿಳಾ ಡಬಲ್ಸ್‌ನಲ್ಲಿ ನನ್ನ ಅನುಭವ

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಲಿಫ್ಟ್, ಅಂದ್ರೆ ಷಟಲ್‌ನ್ನು ಕೆಳಗಿನಿಂದ ಎದುರಾಳಿಯ ಕೋರ್ಟ್‌ನ ಹಿಂಭಾಗಕ್ಕೆ ಎತ್ತರವಾಗಿ ಎತ್ತುವ ಹೊಡೆತ, ಕೊಡಬಾರದು ಅಂತ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತಾರೆ. ಲಿಫ್ಟ್ ಕೊಟ್ಟರೆ ಅಟ್ಯಾಕ್ ಅವರ ಕೈಗೆ ಹೋಯಿತು, ಪಾಯಿಂಟ್ ಮುಗಿಯಿತು ಅಂತ. ಹುಡುಗರ ಡಬಲ್ಸ್‌ಗೆ ಅದು ಸರಿ. ಮಹಿಳಾ ಡಬಲ್ಸ್‌ಗೆ ಪೂರ್ತಿ ಸರಿಯಲ್ಲ. ನಾನು, ನನ್ನ ಪಾರ್ಟ್ನರ್ ಬೇಕಂತಲೇ ಲಿಫ್ಟ್ ಕೊಟ್ಟು, ಅವರಿಂದ ಹೊಡೆಸಿ, ದಣಿಸಿ ಗೆಲ್ಲುವ ಆಟ ಕಟ್ಟಿದೆವು. ನಾಲ್ಕೈದು ವರ್ಷ ಯಾರೂ ನಂಬಲಿಲ್ಲ. ಕಳೆದ ಸೀಸನ್‌ನಲ್ಲಿ ಒಂದು ಸೀನಿಯರ್ ರ‍್ಯಾಂಕಿಂಗ್ ಟೂರ್ನಿಯಲ್ಲಿ ಕ್ವಾಲಿಫೈಯಿಂಗ್‌ನಿಂದ ಆಡಿ ಬಂದು ಫೈನಲ್ ಗೆದ್ದೆವು. ಆಮೇಲೆ ಅದೇ ಜನ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳಿದರು.

ಅನುಮಾನಕ್ಕೆ ಕಾರಣ ಇತ್ತು. ನನ್ನ ವಯಸ್ಸಿನ ಕರ್ನಾಟಕದ ಹುಡುಗಿಯರು ಅಶ್ವಿನಿ ಪೊನ್ನಪ್ಪ ಅವರ ಸ್ಮ್ಯಾಶ್ (ಮೇಲಿನಿಂದ ಕೆಳಕ್ಕೆ ಜೋರಾಗಿ ಬಡಿಯುವ ಹೊಡೆತ) ನೋಡಿ ಬೆಳೆದವರು. 2010ರ ದೆಹಲಿ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಶಿಪ್ ಕಂಚು, ಎರಡರಲ್ಲೂ ಅವರ ಪಾರ್ಟ್ನರ್ ಜ್ವಾಲಾ ಗುಟ್ಟಾ ನೆಟ್ ಹತ್ತಿರ, ಅಶ್ವಿನಿ ಹಿಂದಿನಿಂದ ಸಿಡಿಲು. ಡಬಲ್ಸ್ ಅಂದ್ರೆ ಅದೇ ಅಂತ ಎಲ್ಲರ ತಲೆಯಲ್ಲೂ ಕೂತಿತ್ತು. ನನ್ನ ಎತ್ತರ ಐದಡಿ ಎರಡಿಂಚು. ಹಾಗೆ ಹೊಡೆಯಲು ಎರಡು ವರ್ಷ ಒದ್ದಾಡಿದೆ. ಹೆಡ್-ಹೆವಿ ರ‍್ಯಾಕೆಟ್ ಕೊಂಡೆ. ಗಟಿಂಗ್, ಅಂದ್ರೆ ತಂತಿಯ ಬಿಗಿತ, 24 ಪೌಂಡ್‌ನಿಂದ 28ಕ್ಕೆ ಏರಿಸಿದೆ. ಸ್ಮ್ಯಾಶ್ ಸ್ವಲ್ಪ ಜೋರಾಯಿತು, ಭುಜ ಹೋಯಿತು. ಫಿಸಿಯೋಗೆ ಸುಮಾರು ಮೂವತ್ತು ಸಾವಿರ ಖರ್ಚು. ಅಪ್ಪ ಏನೂ ಅನ್ನಲಿಲ್ಲ, ಆದರೆ ಆ ವರ್ಷ ಅಮ್ಮನ ಸರ ಗಿರವಿಗೆ ಹೋಗಿದ್ದು ನನಗೆ ಗೊತ್ತಿತ್ತು.

ಭುಜ ಕಟ್ಟಿಕೊಂಡು ಮನೆಯಲ್ಲಿದ್ದಾಗ ಜಪಾನ್ ಜೋಡಿಗಳ ಮ್ಯಾಚ್ ನೋಡಿದ್ದೇ ನೋಡಿದ್ದು. 2016ರ ರಿಯೊ ಒಲಿಂಪಿಕ್ಸ್ ಫೈನಲ್ ನೀವೂ ನೋಡಿರುತ್ತೀರಿ. ಮೂರನೇ ಗೇಮ್‌ನಲ್ಲಿ 16-19 ಹಿಂದಿದ್ದ ತಕಹಾಶಿ-ಮತ್ಸುತೊಮೊ ಸತತ ಐದು ಪಾಯಿಂಟ್ ತೆಗೆದು 21-19ಕ್ಕೆ ಚಿನ್ನ ಗೆದ್ದರು. ಆದರೆ ನನ್ನ ಕಣ್ಣು ಬಿದ್ದಿದ್ದು ಜಪಾನಿನದೇ ಇನ್ನೊಂದು ಜೋಡಿ ಫುಕುಶಿಮಾ-ಹಿರೋಟಾ ಮೇಲೆ. ಎದುರಾಳಿ ಹೊಡೆಯಲಿ ಅಂತಲೇ ಅವರು ಷಟಲ್ ಎತ್ತಿ ಕೊಡುತ್ತಿದ್ದರು. ಗರಿಯ ಷಟಲ್ ರ‍್ಯಾಕೆಟ್ ಬಿಟ್ಟ ಕೂಡಲೇ ವೇಗ ಕಳೆದುಕೊಳ್ಳುತ್ತದೆ. ಕೋರ್ಟ್‌ನ ಉದ್ದ 13.4 ಮೀಟರ್. ಹಿಂದಿನ ಗೆರೆಯ ಮೇಲಿಂದ ಹೊಡೆದ ಸ್ಮ್ಯಾಶ್ ನಮ್ಮನ್ನು ಮುಟ್ಟುವಷ್ಟರಲ್ಲಿ ಅರ್ಧ ಸತ್ತಿರುತ್ತದೆ. ಅದೇ ಎರಡಡಿ ಮುಂದಿನಿಂದ ಹೊಡೆದರೆ ಕಥೆ ಬೇರೆ. ಅಂದ್ರೆ ಸಮಸ್ಯೆ ಲಿಫ್ಟ್ ಅಲ್ಲ, ಗಿಡ್ಡ ಲಿಫ್ಟ್.

ಗುರಿ ಕೋರ್ಟ್ ಮೇಲೇ ಬರೆದಿದೆ. ಡಬಲ್ಸ್ ಲಾಂಗ್ ಸರ್ವಿಸ್ ಲೈನ್‌ಗೂ ಹಿಂದಿನ ಬೌಂಡರಿಗೂ ನಡುವೆ 76 ಸೆಂಟಿಮೀಟರ್ ಪಟ್ಟಿ ಇದೆಯಲ್ಲ, ನಮ್ಮ ಲಿಫ್ಟ್ ಅದರೊಳಗೇ ಬೀಳಬೇಕು. ಬಿದ್ದರೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ಶುರುವಿನಲ್ಲಿ ಹತ್ತಕ್ಕೆ ಮೂರು ಬೀಳುತ್ತಿದ್ದವು. ಏಳೆಂಟಕ್ಕೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಅದೂ ಸುಮ್ನೆ ನಿಂತು ಎತ್ತುವುದಲ್ಲ, ಸ್ಮ್ಯಾಶ್ ಬಂದ ಷಟಲ್‌ನ್ನು ಎತ್ತುವುದು. ಆ ಕಡೆ ಮೂವರು ಹುಡುಗರು, ಈ ಕಡೆ ನಾವಿಬ್ಬರು. ಇಬ್ಬರು ಹಿಂದೆ, ಒಬ್ಬ ನೆಟ್‌ನಲ್ಲಿ. ಸ್ಪಾರಿಂಗ್ ಹುಡುಗರಿಗೆ ಗಂಟೆಗೆ ಇನ್ನೂರೋ ಮುನ್ನೂರೋ ಕೊಡುತ್ತಿದ್ದೆವು. ತಿಂಡಿ ಬೇರೆ. ಈ ಹುಡುಗರು ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ.

ಇನ್ನೊಂದು ಪೆಟ್ಟು ಷಟಲ್ ಖರ್ಚಿನದ್ದು. ಮಲ್ಟಿಷಟಲ್‌ಗೆ (ಒಂದರ ಹಿಂದೊಂದು ಷಟಲ್ ಹಾಕಿಸಿಕೊಂಡು ಮಾಡುವ ಅಭ್ಯಾಸಕ್ಕೆ) ಎಲ್ಲರೂ ಹಳೇ ಷಟಲ್ ಬಳಸುತ್ತೇವೆ. ಚಪ್ಪಟೆಯಾಗಿ ಹೋಗುವ ಡ್ರೈವ್‌ಗೆ, ನೆಟ್ ಹತ್ತಿರ ಕೆಳಕ್ಕೆ ಬಡಿಯುವ ನೆಟ್ ಕಿಲ್‌ಗೆ ಸಾಕು. ಲಿಫ್ಟ್‌ನ ಉದ್ದ ಕಲಿಯಲು ಅದು ದಂಡ. ಗರಿ ಮುರಿದ ಷಟಲ್ ಅಲ್ಲಾಡುತ್ತಾ ಹೋಗಿ ಎಲ್ಲೋ ಬೀಳುತ್ತದೆ, ಕೈಗೆ ತಪ್ಪು ಲೆಕ್ಕ ಕೂರುತ್ತದೆ. ಹೀಗಾಗಿ ಒಳ್ಳೇ ಷಟಲ್ಲೇ ಬೇಕು. ಆಗ ಒಂದು ಡಬ್ಬಿಗೆ ಸಾವಿರದ ಆಸುಪಾಸು ಇತ್ತು, ಈಗಿನ ರೇಟ್ ನಿಮಗೇ ಗೊತ್ತು. ಹಿಂದಿನ ರಾತ್ರಿ ಡಬ್ಬಿಗೆ ಹಬೆ ಹಿಡಿದು ಮುಚ್ಚಿಟ್ಟೆವು. ಹಬೆ ಕುಡಿದ ಗರಿ ಬೇಗ ಮುರಿಯಲ್ಲ, ಡಬ್ಬಿಗೆ ಮೂರ್ನಾಲ್ಕು ಷಟಲ್ ಉಳಿಯುತ್ತದೆ. ನೈಲಾನ್ ಷಟಲ್‌ನಲ್ಲೂ ಒಂದೆರಡು ತಿಂಗಳು ಡಿಫೆನ್ಸ್ ಆಡಿ ನೋಡಿದೆವು. ರಿಫ್ಲೆಕ್ಸ್ ಚುರುಕಾಯಿತು, ಆದರೆ ಗರಿಯ ಷಟಲ್‌ಗೆ ವಾಪಸ್ ಬಂದ ವಾರ ಟೈಮಿಂಗ್ ತಪ್ಪಿ, ಷಟಲ್ ಬರುವ ಮುಂಚೆಯೇ ಬೀಸುತ್ತಿದ್ದೆವು. ಬಿಟ್ಟುಬಿಟ್ಟೆವು.

ಬೆಂಗಳೂರಿನವರಿಗೆ ಒಂದು ಮಾತು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಷಟಲ್ ದೂರ ಹೋಗುತ್ತದೆ. ಬೇರೆ ಊರಿಗೆ ಹೋದಾಗ ಷಟಲ್ ಸ್ಪೀಡ್ ಬೇರೆ, ಹಾಲ್ ಬೇರೆ. ನಿಯಮದ ಪ್ರಕಾರ ಹಿಂದಿನ ಗೆರೆಯಿಂದ ಅಂಡರ್‌ಹ್ಯಾಂಡ್‌ನಲ್ಲಿ ಪೂರ್ತಿ ಹೊಡೆದ ಷಟಲ್ ಆಚೆ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬೀಳಬೇಕು. ಈ ಅಂತರದಲ್ಲೇ ನಮ್ಮ ಇಡೀ ಆಟ ಇದೆ! ಹಾಗಾಗಿ ವಾರ್ಮ್ ಅಪ್‌ನಲ್ಲಿ ಮೊದಲು ಎರಡೂ ತುದಿಯಿಂದ ಬರೀ ಲಿಫ್ಟ್. ಗಾಳಿ ಯಾವ ಕಡೆ ಎಳೆಯುತ್ತಿದೆ ಅಂತ ಗೊತ್ತಾಗುವವರೆಗೆ ಸ್ಮ್ಯಾಶ್ ಮುಟ್ಟಲ್ಲ.

ಆರಂಭದಲ್ಲಿ ಸೋತಿದ್ದೇ ಜಾಸ್ತಿ. ಒಂದಿಡೀ ವರ್ಷ ಮೊದಲ ರೌಂಡ್, ಎರಡನೇ ರೌಂಡ್, ಮನೆ. ಟಿಕೆಟ್, ರೂಮ್, ಎಂಟ್ರಿ ಫೀಸ್ ಸೇರಿ ಒಂದು ಟೂರ್ನಿಗೆ ತಲೆಗೆ ಹನ್ನೆರಡು-ಹದಿನೈದು ಸಾವಿರ. ಗೆದ್ದರೂ ಡಬಲ್ಸ್ ಹಣ ಅರ್ಧ ಅರ್ಧ. ಬಿಡಬ್ಲ್ಯೂಎಫ್‌ನ (ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟದ) ಹಲವು ಟೂರ್ನಿಗಳಲ್ಲೇ ನೋಡಿ, ಸಿಂಗಲ್ಸ್ ಗೆದ್ದವರಿಗೆ ಒಟ್ಟು ಮೊತ್ತದ 7.5%, ಡಬಲ್ಸ್ ಜೋಡಿಗೆ ಇಬ್ಬರಿಗೂ ಸೇರಿ 7.9%. ಇದು ನ್ಯಾಯ ಅಲ್ಲ ಅಂತ ನಾನು ಇಂದಿಗೂ ಹೇಳುತ್ತೇನೆ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕ ಮೇಲೆಯೇ ನನಗೆ ಉಸಿರು ಬಂದಿದ್ದು. ಸೋಲುತ್ತಿದ್ದ ಆ ದಿನಗಳಲ್ಲಿ ಒಬ್ಬ ಕೋಚ್ "ಅಟ್ಯಾಕ್ ಇಲ್ಲದ ಜೋಡಿ ನೀವು, ಮಿಕ್ಸೆಡ್‌ಗೆ ಹೋಗಿ" ಅಂದರು. ನನಗಿಂತ ಆರು ವರ್ಷ ಚಿಕ್ಕವಳಾದ ಪಾರ್ಟ್ನರ್ ಮಾತ್ರ "ಅಕ್ಕ, ಇನ್ನೊಂದು ಸೀಸನ್ ಎತ್ತೋಣ" ಅಂದಳು. ಅವಳ ಕಾಲಿನಂಥ ಕಾಲು ನಮ್ಮ ರಾಜ್ಯದಲ್ಲಿ ಇನ್ನೊಬ್ಬಳಿಗಿಲ್ಲ.

ಬರೀ ಎತ್ತುತ್ತಾ ಇದ್ದರೆ ಗೆಲ್ಲಲ್ಲ, ತಿರುಗಿಸಬೇಕು. ನೇರ ಒಂದು, ಕ್ರಾಸ್ ಒಂದು ಅಂತ ಎತ್ತಿ, ಹಿಂದಿರುವವಳನ್ನು ಆರು ಮೀಟರ್ ಅಗಲ ಓಡಿಸಬೇಕು. ನಾಲ್ಕನೆಯದೋ ಐದನೆಯದೋ ಹೊಡೆತಕ್ಕೆ ಅವಳು ಷಟಲ್‌ನ ಹಿಂದೆ ಹೋಗಲಾಗದೆ ಪಕ್ಕದಿಂದ ಹೊಡೆಯುತ್ತಾಳೆ. ಅವಳ ಹಿಂಗಾಲು ನೋಡುತ್ತಿರಿ. ಅದು ತಡವಾದ ಕ್ಷಣ ನಾವು ಒಂದು ಹೆಜ್ಜೆ ಒಳಗೆ ಬಂದು ಚಪ್ಪಟೆ ಡ್ರೈವ್ ಹೊಡೆಯುತ್ತೇವೆ. ಡ್ರೈವ್ ಯಾರ ಯಾವ ಬದಿಗೆ, ಯಾವಾಗ ಅದರ ಬದಲು ಬ್ಲಾಕ್ (ರ‍್ಯಾಕೆಟ್ ಸುಮ್ನೆ ಒಡ್ಡಿ ನೆಟ್ ಹತ್ತಿರ ಬೀಳಿಸುವುದು) ಅನ್ನುವುದನ್ನು ಬರೆಯಲ್ಲ. ನಾವಿನ್ನೂ ಆಡುತ್ತಿದ್ದೇವೆ. ಒಳಗೆ ಬರಲು ಇಬ್ಬರ ನಡುವೆ ಇರುವ ಸನ್ನೆಯೂ ನಮ್ಮಲ್ಲೇ ಇರಲಿ.

ಆ ಟೂರ್ನಿಯ ಸೆಮಿಫೈನಲ್ ಒಂದೂಕಾಲು ಗಂಟೆ ಮೇಲೆ ಹೋಯಿತು. ಎದುರಿಗಿದ್ದವರು ನಮಗಿಂತ ಬಹಳ ಮೇಲಿನ ರ‍್ಯಾಂಕ್. ಮೊದಲ ಗೇಮ್ 12ಕ್ಕೋ 13ಕ್ಕೋ ಸೋತೆವು. ಎರಡನೆಯದರ ನಡುವೆ ಅವರ ಸ್ಮ್ಯಾಶ್ ನೆಟ್‌ಗೆ ಬೀಳಲು ಶುರುವಾಯಿತು. ಮೂರನೆಯದರಲ್ಲಿ ಅವರು ಹೊಡೆಯುವುದನ್ನೇ ಬಿಟ್ಟು ನೆಟ್ ಹತ್ತಿರ ಮೆತ್ತಗೆ ಡ್ರಾಪ್ ಹಾಕತೊಡಗಿದರು. ನಮಗೆ ಬೇಕಾಗಿದ್ದೂ ಅದೇ. ಫೈನಲ್ ಇದಕ್ಕಿಂತ ಸುಲಭವಾಗಿತ್ತು.

ಎಡಗೈ-ಬಲಗೈ ಜೋಡಿ ಎದುರು ಮಾತ್ರ ಇದು ಇನ್ನೂ ಪೂರ್ತಿ ಕೂಡಿ ಬಂದಿಲ್ಲ. ಅವರು ಸರಿಯಾಗಿ ನಿಂತರೆ ಎರಡೂ ಮೂಲೆಯಲ್ಲಿ ಫೋರ್‌ಹ್ಯಾಂಡೇ ಸಿಗುತ್ತದೆ, ಎತ್ತಿ ಕೊಡಲು ದುರ್ಬಲ ಮೂಲೆಯೇ ಇಲ್ಲ. ಸದ್ಯಕ್ಕೆ ನಡುವೆ, ಇಬ್ಬರ ರ‍್ಯಾಕೆಟ್ ತಾಗುವ ಜಾಗಕ್ಕೆ ಎತ್ತಿ ನೋಡುತ್ತಿದ್ದೇವೆ. ಅರ್ಧ ಸಲ ಕೆಲಸ ಮಾಡುತ್ತದೆ.