ಬ್ಲೇಡ್ ತಿರುಗಬೇಕು: ವಿಮಾನಗಳ ಫೋಟೋ ತೆಗೆಯುವ ನನ್ನ ಅನುಭವ

ಹಾರುತ್ತಿರುವ ಹೆಲಿಕಾಪ್ಟರ್ ಫೋಟೋದಲ್ಲಿ ಬ್ಲೇಡುಗಳು ಅಲ್ಲಾಡದೆ ನಿಂತಿದ್ದರೆ ನನಗೆ ಆ ಚಿತ್ರ ಒಪ್ಪಿಗೆಯಾಗುವುದಿಲ್ಲ. ಎಷ್ಟೇ ಚೂಪಾಗಿರಲಿ, ಬಣ್ಣ ಎಷ್ಟೇ ಚೆನ್ನಾಗಿರಲಿ, ದಾರದಲ್ಲಿ ಕಟ್ಟಿ ನೇತುಹಾಕಿದ ಆಟಿಕೆಯ ಹಾಗೆ ಕಾಣುತ್ತದೆ. ಹಾರುವ ವಸ್ತು ಹಾರುತ್ತಿದೆ ಅಂತ ಚಿತ್ರ ನೋಡಿದವರಿಗೆ ಗೊತ್ತಾಗಬೇಕು. ಈ ಹವ್ಯಾಸದಲ್ಲಿ ನಾನು ಕಲಿತಿದ್ದೆಲ್ಲ ಈ ಒಂದು ಹಟದಿಂದಲೇ.

ಯಲಹಂಕದ ವೈಮಾನಿಕ ಪ್ರದರ್ಶನ ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿ ವಾಯುಪಡೆಯ ಸಾರಂಗ್ ತಂಡ ಧ್ರುವ್ ಹೆಲಿಕಾಪ್ಟರ್‌ಗಳನ್ನು ಹಾರಿಸುತ್ತದೆ. ಮೈಮೇಲೆ ನವಿಲಿನ ಚಿತ್ರ ಹೊತ್ತ ಈ ಹೆಲಿಕಾಪ್ಟರ್‌ಗಳು ತಯಾರಾಗುವುದು ನಮ್ಮ ಎಚ್‌ಎಎಲ್‌ನಲ್ಲೇ. ಅದರ ಮುಖ್ಯ ರೋಟರ್ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 5. ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ 1/1000ರಲ್ಲಿದ್ದರೆ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದಿದ್ದರೆ, ಅಷ್ಟು ಹೊತ್ತಿನಲ್ಲಿ ಬ್ಲೇಡ್ ಎರಡು ಡಿಗ್ರಿಯೂ ಸರಿಯುವುದಿಲ್ಲ. 1/125ಕ್ಕೆ ಇಳಿಸಿದರೆ 14 ಡಿಗ್ರಿ, 1/60ಕ್ಕೆ 30 ಡಿಗ್ರಿ. ನಾಲ್ಕು ಬ್ಲೇಡುಗಳ ನಡುವೆ 90 ಡಿಗ್ರಿ ಅಂತರ ಇರುವುದರಿಂದ ಪೂರ್ತಿ ವೃತ್ತ ಮೂಡಬೇಕಾದರೆ 1/20ರವರೆಗೂ ಇಳಿಯಬೇಕು. ಉದ್ದದ ಲೆನ್ಸ್ ಕೈಯಲ್ಲಿ ಹಿಡಿದು 1/20 ನನ್ನಿಂದ ಆಗುವುದಿಲ್ಲ. ಹಾಗಾಗಿ 1/60ರಿಂದ 1/125ರ ನಡುವೆ ಇರುತ್ತೇನೆ. ಬ್ಲೇಡಿನ ತುದಿ ಮಸುಕಾಗಿ ಬೀಸಣಿಗೆಯಂತೆ ಹರಡುತ್ತದೆ, ನವಿಲಿನ ಕಣ್ಣು ಮಾತ್ರ ಚೂಪಾಗಿ ನಿಲ್ಲುತ್ತದೆ. ಅಷ್ಟು ಸಾಕು.

ಪ್ರೊಪೆಲರ್ ವಿಮಾನಕ್ಕೆ ಲೆಕ್ಕ ಬೇರೆ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವ ಎಟಿಆರ್ 72 ತಗೊಳ್ಳಿ. ಟೇಕಾಫ್ ಹೊತ್ತಿನಲ್ಲಿ ಅದರ ಪ್ರೊಪೆಲರ್ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಒಂದೊಂದಕ್ಕೆ ಆರು ಬ್ಲೇಡು, ನಡುವೆ 60 ಡಿಗ್ರಿ. 1/125ಕ್ಕೇ ಹೆಚ್ಚುಕಡಿಮೆ ಪೂರ್ತಿ ವೃತ್ತ ಸಿಗುತ್ತದೆ. 1/250ಕ್ಕೆ ಅರ್ಧ ತುಂಬುತ್ತದೆ, ಅದೂ ಚೆನ್ನಾಗಿಯೇ ಕಾಣುತ್ತದೆ. ಕೈ ಇನ್ನೂ ಪಳಗದವರು ಎಟಿಆರ್‌ನಿಂದ ಶುರು ಮಾಡಲಿ ಅಂತ ನಾನು ಹೇಳುವುದು ಇದಕ್ಕೇ. ಹೊರಗೆ ತಿರುಗುವ ಬ್ಲೇಡ್ ಇಲ್ಲದ ಜೆಟ್‌ಗಳಿಗೆ ಈ ತಲೆನೋವೇ ಇಲ್ಲ. ತೇಜಸ್ ಇರಲಿ, ಸೂರ್ಯಕಿರಣ್ ತಂಡದ ಕೆಂಪು ಬಿಳಿ ಹಾಕ್ ಇರಲಿ, 1/1600 ಇಟ್ಟು ಫೋಕಸ್ ಕಡೆ ಗಮನ ಕೊಟ್ಟರಾಯಿತು.

ಶಟರ್ ನಿಧಾನವಾದ ಮೇಲೆ ಕೆಲಸವೆಲ್ಲ ಮೈಯದ್ದು. ವಿಮಾನ ಎಲ್ಲಿಗೆ ಬಂದಾಗ ಚಿತ್ರ ಬೇಕೋ ಆ ದಿಕ್ಕಿಗೆ ಪಾದ ಇಟ್ಟು ನಿಲ್ಲುತ್ತೇನೆ. ಆಮೇಲೆ ಸೊಂಟದಿಂದ ಮೇಲಷ್ಟೇ ತಿರುಗಿಸಿ, ಅದು ಬರುವ ಕಡೆಗೆ ನೋಡುತ್ತೇನೆ. ಹೀಗೆ ನಿಂತರೆ ಮೈ ಬಿಚ್ಚಿಕೊಳ್ಳುತ್ತಾ ಹೋಗುವ ಕಡೆಗೆ ಶಟರ್ ಬೀಳುತ್ತದೆ, ಕೈ ನಡುಗುವುದಿಲ್ಲ. ಉಲ್ಟಾ ನಿಂತರೆ ಸರಿಯಾದ ಹೊತ್ತಿಗೇ ಸೊಂಟ ಬಿಗಿದುಕೊಳ್ಳುತ್ತದೆ. ಮೊಣಕೈ ಪಕ್ಕೆಗೆ ಒತ್ತಿರಬೇಕು. ಕೈನಡುಕ ಸರಿದೂಗಿಸುವ ಲೆನ್ಸಿನ ಸ್ಟೆಬಿಲೈಸೇಶನ್‌ನಲ್ಲಿ ಪ್ಯಾನಿಂಗ್‌ಗೆ (ಹೀಗೆ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದಕ್ಕೆ) ಅಂತಲೇ ಬೇರೆ ಮೋಡ್ ಇದ್ದರೆ ಅದನ್ನೇ ಹಾಕಿ. ಫೋಕಸ್ ಪಾಯಿಂಟನ್ನು ಕಾಕ್‌ಪಿಟ್ ಮೇಲೆ ಕೂರಿಸಿ, ಅದು ಅಲ್ಲಿಂದ ಜಾರದ ಹಾಗೆ ಹಿಂಬಾಲಿಸುತ್ತಾ ಬರ್ಸ್ಟ್ ಒತ್ತುತ್ತೇನೆ, ಒಂದರ ಹಿಂದೊಂದು ಚಿತ್ರ ಬೀಳುತ್ತವೆ. ಕ್ಲಿಕ್ ಮುಗಿದ ಮೇಲೂ ಕ್ಯಾಮೆರಾ ತಿರುಗುತ್ತಲೇ ಇರಬೇಕು, ತಟ್ಟನೆ ನಿಲ್ಲಿಸಬಾರದು. 1/60ರಲ್ಲಿ ಬಹುಪಾಲು ಚಿತ್ರ ಅಳಿಸುವುದಕ್ಕೇ ಹೋಗುತ್ತವೆ, ಉಳಿದ ಒಂದೆರಡು ಮನೆಗೆ ಬರುತ್ತವೆ. ಈ ಲೆಕ್ಕಾಚಾರ ನನಗೆ ಪೂರ್ತಿ ಒಪ್ಪಿಗೆ.

ಅಭ್ಯಾಸಕ್ಕೆ ಏರೋ ಇಂಡಿಯಾವರೆಗೆ ಕಾಯಬೇಕಿಲ್ಲ. ಬೆಂಗಳೂರಲ್ಲಿ ಹದ್ದುಗಳಿಗೆ ಬರವೇ? ಮಾಂಸದಂಗಡಿ ಸಾಲಿನ ಮೇಲೆ ಬೆಳಗ್ಗೆ ಸುತ್ತು ಹಾಕುತ್ತಲೇ ಇರುತ್ತವೆ. ಟೆರೇಸ್ ಮೇಲೆ ನಿಂತು ಅವನ್ನು ಹಿಂಬಾಲಿಸುವುದು ನನ್ನ ದಿನದ ಪಾಠ. ವಿಮಾನ ಹೇಳಿದ ದಾರಿಯಲ್ಲಿ ಬರುತ್ತದೆ, ಹದ್ದು ಬರುವುದಿಲ್ಲ. ಹದ್ದು ಕೈಗೆ ಸಿಕ್ಕರೆ ಎಟಿಆರ್ ಸುಲಭ. ಏರೋ ಇಂಡಿಯಾ ಹೊತ್ತಿಗೆ ಯಲಹಂಕದ ಸುತ್ತಮುತ್ತ ಮಾಂಸ ಮಾರಾಟ ನಿಲ್ಲಿಸುತ್ತಾರಲ್ಲ, ಅದು ಇದೇ ಹದ್ದುಗಳು ವಿಮಾನಕ್ಕೆ ಬಡಿಯದಿರಲಿ ಅಂತ.

ನಿಧಾನದ ಶಟರ್‌ಗೆ ಇನ್ನೊಂದು ತೊಡಕಿದೆ, ಬೆಳಕು ಜಾಸ್ತಿ ಒಳಗೆ ಬರುತ್ತದೆ. ಫೆಬ್ರವರಿ ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100 ಇಟ್ಟು 1/60 ಬೇಕೆಂದರೆ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್/20ರ ಹತ್ತಿರ ಹೋಗುತ್ತದೆ. ಅಷ್ಟು ಕಿರಿದಾದಾಗ ಚಿತ್ರದ ಚೂಪು ಕಡಿಮೆಯಾಗುತ್ತದೆ. ಸೆನ್ಸರ್ ಮೇಲಿನ ಧೂಳಿನ ಒಂದೊಂದು ಕಣವೂ ನೀಲಿ ಆಕಾಶದಲ್ಲಿ ಕರಿ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಬೆಳಕು ತಗ್ಗಿಸುವ ಮೂರು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಇಲ್ಲವೇ ಎರಡರಷ್ಟು) ಹಾಕಿದರೆ ಎಫ್/8ರ ಸುತ್ತ ಆರಾಮಾಗಿ ಇರಬಹುದು. ಹೊಸ ಲೆನ್ಸಿಗೆ ದುಡ್ಡು ಸುರಿಯುವ ಮೊದಲು ಈ ಗಾಜಿನ ತುಂಡಿಗೆ ಖರ್ಚು ಮಾಡಿ. ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ, ಅದನ್ನೂ ನೋಡಿಕೊಳ್ಳಬೇಕು. ಬಿಳಿಚಿದ ಆಕಾಶ ನೋಡಿ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ, ವಿಮಾನದ ಹೊಟ್ಟೆ ಬರೀ ನೆರಳಾಗುತ್ತದೆ. ನಾನು ಸುಮಾರು ಒಂದು ಸ್ಟಾಪ್ ಏರಿಸಿಯೇ ಶುರು ಮಾಡುತ್ತೇನೆ.

ಕಾದ ನೆಲದಿಂದ ಏಳುವ ಬಿಸಿಗಾಳಿಗೆ ಮಾತ್ರ ಯಾವ ಫಿಲ್ಟರೂ ಇಲ್ಲ. ಹತ್ತು ಗಂಟೆಯ ಮೇಲೆ ರನ್‌ವೇ ಮೇಲಿನ ವಿಮಾನ ನೀರಲ್ಲಿ ಕಂಡಂತೆ ಅಲೆಅಲೆಯಾಗಿ ಕಾಣುತ್ತದೆ. ದೊಡ್ಡ ಲೆನ್ಸ್ ಹಾಕಿದಷ್ಟೂ ಅದು ಜಾಸ್ತಿಯೇ ಆಗುತ್ತದೆ. ನೆಲದ ಮೇಲಿನದ್ದನ್ನು ಬೆಳಗ್ಗೆ ತೆಗೆದು ಮುಗಿಸುತ್ತೇನೆ. ಬಿಸಿಲೇರಿದ ಮೇಲೆ ತಲೆ ಎತ್ತಿ ನೋಡುವಷ್ಟು ಮೇಲಿರುವುದನ್ನಷ್ಟೇ ತೆಗೆಯುವುದು.

ಬೇರೆ ದಿನಗಳಲ್ಲಿ ದೇವನಹಳ್ಳಿ ಕಡೆ ಹೋಗುವಾಗ ಮೊದಲು ಗಾಳಿ ನೋಡುತ್ತೇನೆ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಎದುರಾಗಿಯೇ ಏರುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇ ಪೂರ್ವ-ಪಶ್ಚಿಮವಾಗಿವೆ. ಚಳಿಗಾಲದ ಮೂಡಣ ಗಾಳಿಗೆ ಹೆಚ್ಚಾಗಿ ಪಶ್ಚಿಮದಿಂದ, ಅಂದರೆ ಬಳ್ಳಾರಿ ರಸ್ತೆ ಕಡೆಯಿಂದ ಇಳಿಯುತ್ತವೆ. ಮಳೆಗಾಲದ ಪಡುವಣ ಗಾಳಿಗೆ ಪೂರ್ವದಿಂದ. ಬಿಸಿಲಿನದ್ದೂ ಒಂದು ಲೆಕ್ಕ ಇದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ವಿಮಾನದ ದಾರಿಗೆ ದಕ್ಷಿಣದಲ್ಲಿ ನಿಂತರೆ ಬೆಳಕು ಬೆನ್ನ ಹಿಂದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ಜಾಗ ಬದಲಾಯಿಸಬೇಕು. ಹೆದ್ದಾರಿ ಪಕ್ಕದಲ್ಲಿ ಗಾಡಿ ನಿಲ್ಲಿಸಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ, ಒಳಗಿನ ಹಳ್ಳಿ ರಸ್ತೆಗಳಿವೆ. ಅಲ್ಲಿ ಯಾರಾದರೂ ಬಂದು ಕೇಳಿದರೆ ನಿಂತು ಮಾತಾಡಿ, ಕ್ಯಾಮೆರಾದಲ್ಲಿರುವ ಚಿತ್ರ ತೋರಿಸಿ. ರಕ್ಷಣಾ ಇಲಾಖೆ ಬೇಲಿ ಮೇಲೆ ಫೋಟೋ ನಿಷೇಧದ ಬೋರ್ಡ್ ಇದ್ದರೆ ಮಾತೇ ಇಲ್ಲ, ಕ್ಯಾಮೆರಾ ಬ್ಯಾಗಿಗೆ.

ನಿಂತ ವಿಮಾನಗಳ ಆಸೆಗೆ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ ಇದೆ. ಅಲ್ಲಿ ಮಾರುತ್ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳುತನದಲ್ಲಿ ಬೆಂಗಳೂರಲ್ಲೇ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಯುದ್ಧವಿಮಾನ ಅದು. ಇಳಿಬಿಸಿಲಲ್ಲಿ ನೆಲಕ್ಕೆ ಕೂತು, ಮೂಗಿನ ಪಕ್ಕದಿಂದ ನೋಡಿ. ರಿವೆಟ್ ಸಾಲುಗಳ ಮೇಲೆ ಬೆಳಕು ಓರೆಯಾಗಿ ಬಿದ್ದು ಒಂದೊಂದು ತಲೆಗೂ ಪುಟ್ಟ ನೆರಳು ಮೂಡಿರುತ್ತದೆ. ಬಣ್ಣದ ಕೆಳಗೆ ತಗಡು ಎಲ್ಲಿ ಕೂಡಿದೆ ಅನ್ನುವುದು ಆಗ ಕಾಣುತ್ತದೆ. ನೆತ್ತಿ ಬಿಸಿಲಲ್ಲಿ ಇದು ಯಾವುದೂ ಕಾಣುವುದಿಲ್ಲ.

2025ರ ಏರೋ ಇಂಡಿಯಾಕ್ಕೆ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಬಂದಿದ್ದವು. ಎಲ್ಲರ ಲೆನ್ಸೂ ಅತ್ತಲೇ. ನಾನೂ ತೆಗೆದೆ. ಆದರೆ ಅವುಗಳ ಚಿತ್ರ ಜಗತ್ತಿನ ತುಂಬಾ ಇವೆ ಅಲ್ವಾ? ನಮ್ಮ ಆಕಾಶದಲ್ಲಿ ವರ್ಷಗಟ್ಟಲೆ ಹಾರಿ ನಿವೃತ್ತಿಯಾಗುವ ವಿಮಾನಗಳನ್ನು ನಾವೇ ತೆಗೆಯಬೇಕು. 1963ರಿಂದ ವಾಯುಪಡೆಯಲ್ಲಿದ್ದ ಮಿಗ್-21 ಸೆಪ್ಟೆಂಬರ್ 2025ರಲ್ಲಿ ನಿವೃತ್ತಿಯಾಯಿತು, ಇನ್ನು ಮೇಲೆ ಅದನ್ನು ಹಾರುವಾಗ ತೆಗೆಯುವ ಅವಕಾಶ ಇಲ್ಲ. ಅದಕ್ಕೇ ಪ್ರತಿ ಚಿತ್ರದ ಜೊತೆ ತಾರೀಖು, ಜಾಗ, ವಿಮಾನದ ಮೈಮೇಲಿನ ನೋಂದಣಿ ಸಂಖ್ಯೆ, ಶಟರ್ ವೇಗ ಇಷ್ಟನ್ನು ಬರೆದಿಡುತ್ತೇನೆ. ಸದ್ಯ ನನ್ನ ಕಣ್ಣು ಎಚ್‌ಎಎಲ್‌ನ ಹೊಸ ತರಬೇತಿ ವಿಮಾನ ಎಚ್‌ಟಿಟಿ-40 ಮೇಲಿದೆ. ಅದಕ್ಕಿರುವುದು ಮೂಗಿನ ತುದಿಯಲ್ಲಿ ಒಂದೇ ಪ್ರೊಪೆಲರ್. 1/100ರಿಂದ ಶುರು ಮಾಡುತ್ತೇನೆ.