ಕೈಯಿಂದಲ್ಲ, ಎರಡನೇ ಕಿಕ್‌ನಿಂದ ಬಂದ ಬಟರ್‌ಫ್ಲೈ

ನಾನು ಈಜು ಕಲಿತದ್ದು ನಮ್ಮ ತೋಟದ ಕೆರೆಯಲ್ಲಿ, ಜೀಪಿನ ಟ್ಯೂಬ್ ಹಿಡಿದುಕೊಂಡು. ಕಪ್ಪೆ ಈಜು ಚಿಕ್ಕಂದಿನಲ್ಲೇ ಬಂತು. ಎರಡೂ ಕೈ ಒಟ್ಟಿಗೆ ನೀರಿನ ಮೇಲಿಂದ ಬೀಸಿ, ಎರಡೂ ಕಾಲು ಜೋಡಿಸಿ ಒದೆಯುವ ಬಟರ್‌ಫ್ಲೈ ಈಜಿಗೆ ಕೈ ಹಾಕಿದ್ದು ಮಾತ್ರ ಮೂವತ್ತೆಂಟನೇ ವಯಸ್ಸಿನಲ್ಲಿ, ವಿರಾಜಪೇಟೆ ಕಡೆಯ ಒಂದು 25 ಮೀಟರ್ ಪೂಲ್‌ನಲ್ಲಿ. ತೋಟದ ಕೆಲಸ ಮಾಡಿದ ಭುಜ, ಎಳೆದರೆ ಆಯ್ತು ಅಂದುಕೊಂಡಿದ್ದೆ. ಹತ್ತು ಮೀಟರ್‌ಗೇ ಸೊಂಟ ಮುಳುಗುತ್ತಿತ್ತು. ರಾತ್ರಿ ಭುಜ ನೋವು.

ತಪ್ಪು ಇದ್ದದ್ದು ಕಾಲಿನಲ್ಲಿ. ಸುಸ್ತಾದ ಕೂಡಲೇ ಕಾಲು ಹಳೆಯ ಕಪ್ಪೆ ಒದೆತಕ್ಕೆ ಹೋಗುತ್ತಿತ್ತು. ಅದಕ್ಕೂ ಕಾರಣ ಇದೆ. ಬಟರ್‌ಫ್ಲೈ ಹುಟ್ಟಿದ್ದೇ ಬ್ರೆಸ್ಟ್‌ಸ್ಟ್ರೋಕ್‌ನಿಂದ, ಅಂದರೆ ಕಪ್ಪೆ ಈಜಿನಿಂದ. ಮೊದಲು ಬದಲಾದದ್ದು ಕೈ, ಕಾಲು ಬಹಳ ದಿನ ಕಪ್ಪೆಯದ್ದೇ ಇತ್ತು. 1952ರಲ್ಲಿ ಈ ಎರಡು ಈಜುಗಳನ್ನೂ ಬೇರೆ ಮಾಡಿದರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬಟರ್‌ಫ್ಲೈ ಮೊದಲ ಸಲ ಪ್ರತ್ಯೇಕ ಸ್ಪರ್ಧೆಯಾಯಿತು.

ಪೂಲ್‌ನ ಕೋಚ್ ನನಗೆ ಎರಡು ವಾರ ಕೈ ಆಡಿಸಲೇ ಬಿಡಲಿಲ್ಲ. ಕೈ ತೊಡೆಯ ಪಕ್ಕ ಇಟ್ಟು, ಎದೆಯನ್ನು ನೀರಿಗೆ ಒತ್ತಬೇಕು. ಒತ್ತಿ ಬಿಟ್ಟರೆ ಸೊಂಟ ತಾನಾಗಿ ಮೇಲೆ ಬರುತ್ತದೆ. ಆ ಅಲೆ ಸೊಂಟ ದಾಟಿ ಕೊನೆಗೆ ಪಾದಕ್ಕೆ ಹೋಗಬೇಕು. ನಾನು ಮೊಣಕಾಲು ಜಾಸ್ತಿ ಮಡಿಸುತ್ತಿದ್ದೆ, ಅದು ಬ್ರೇಕ್ ಹಾಕಿದ ಹಾಗೆ.

ಆಮೇಲೆ ಒಂದೇ ಕೈ: ಬಲಗೈ ಮೂರು ಸಲ, ಎಡಗೈ ಮೂರು ಸಲ, ಎರಡೂ ಸೇರಿ ಮೂರು ಸಲ. ನನಗೆ ಗುಟ್ಟು ಸಿಕ್ಕಿದ್ದು ಇಲ್ಲೇ. ಒಂದು ಸ್ಟ್ರೋಕ್‌ಗೆ, ಅಂದರೆ ಕೈಯ ಒಂದು ಸುತ್ತಿಗೆ, ಎರಡು ಕಿಕ್. ಕೈ ನೀರಿಗೆ ಇಳಿಯುವಾಗ ಮೊದಲನೆಯದು, ಕೈ ತೊಡೆ ದಾಟಿ ಹೊರಬರುವಾಗ ಎರಡನೆಯದು. ನನ್ನ ಎರಡನೇ ಕಿಕ್ ತಡವಾಗಿ ಬರುತ್ತಿತ್ತು, ಕೈ ಆಗಲೇ ಗಾಳಿಯಲ್ಲಿ ಇರುತ್ತಿತ್ತು. ಆಗ ದೇಹವನ್ನು ಮೇಲೆತ್ತುವ ಭಾರವೆಲ್ಲ ಭುಜದ ಮೇಲೆ, ನೋಯದೆ ಇರುತ್ತದಾ? ಮನಸ್ಸಿನಲ್ಲೇ ‘ಒಳಗೆ, ಹೊರಗೆ’ ಅಂತ ಎಣಿಸಲು ಶುರು ಮಾಡಿದೆ. ‘ಹೊರಗೆ’ ಅನ್ನುವಾಗಲೇ ಒದೆತ. ಒಂದು ಬೆಳಿಗ್ಗೆ ಅದು ಸರಿಯಾಗಿ ಕೂತಿತು. ಕೈ ಹಗುರವಾಗಿ, ನೀರಿನ ಮೇಲೆ ತೀರಾ ತಗ್ಗಿನಲ್ಲಿ, ಪಕ್ಕದಿಂದ ಬೀಸಿಕೊಂಡು ಮುಂದೆ ಬಂತು. ಎಷ್ಟು ಸಂತೋಷ ಆಯಿತೆಂದರೆ, ಗೋಡೆ ಮುಟ್ಟಿ ಸುಮ್ನೆ ನಿಂತುಬಿಟ್ಟೆ.

ಉಸಿರಿನದ್ದು ಇನ್ನೊಂದು ಕಥೆ. 2021ರಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಈಜಿ, ನೇರ ಅರ್ಹತೆಯಲ್ಲೇ ಒಲಿಂಪಿಕ್ಸ್‌ಗೆ ಹೋದ ಭಾರತದ ಈಜುಗಾರ ಸಜನ್ ಪ್ರಕಾಶ್ ಅವರ ವಿಡಿಯೊಗಳನ್ನು ನಿಧಾನ ಮಾಡಿ ನೋಡಿದೆ. ಗದ್ದ ನೀರು ಬಿಟ್ಟು ಏಳುವುದೇ ಕಡಿಮೆ. ಕೈ ಮುಂದೆ ಬಂದು ಬೀಳುವ ಮೊದಲೇ ತಲೆ ಒಳಗೆ ಹೋಗಿರುತ್ತದೆ. ನಾನು ಆಕಾಶ ನೋಡುವಷ್ಟು ತಲೆ ಎತ್ತುತ್ತಿದ್ದೆ. ತಲೆ ಎದ್ದಷ್ಟೂ ಸೊಂಟ ಇಳಿಯುತ್ತದೆ. ಈಗ ಎರಡು ಸ್ಟ್ರೋಕ್‌ಗೆ ಒಂದು ಉಸಿರು.

ಕೆರೆಯಲ್ಲಿ ಇದನ್ನು ಕಲಿಯಬೇಡಿ. ತಳದಲ್ಲಿ ಗೆರೆ ಇಲ್ಲ, ದಿಕ್ಕು ತಪ್ಪುತ್ತದೆ, ಮಳೆಗಾಲದಲ್ಲಿ ಕೆಸರು ನೀರು ಬೇರೆ. ಒಬ್ಬರೇ ಅಂತೂ ಇಳಿಯಲೇಬೇಡಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ನಾನು ಪೂಲ್‌ಗೂ ಹೋಗುವುದಿಲ್ಲ, ದಣಿದ ಭುಜಕ್ಕೆ ಹಳೆಯ ತಪ್ಪೇ ವಾಪಸ್ ಬರುತ್ತದೆ.

ಮೊದಲು 25 ಮೀಟರ್‌ಗೆ 18 ಸ್ಟ್ರೋಕ್ ಬೇಕಿತ್ತು, ಈಗ 12 ಸಾಕು. ಈ ವರ್ಷ 50 ಮೀಟರ್‌ಗೆ ಪ್ರಯತ್ನ ಮಾಡುತ್ತಿದ್ದೇನೆ. ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಿ ತಿರುಗುವುದು ರೂಢಿಯಾಗಿದೆ. ಆದರೆ 35 ಮೀಟರ್ ದಾಟುವಾಗ ಎರಡನೇ ಕಿಕ್ ಕಳೆದುಹೋಗುತ್ತದೆ. ಹೋದ ಕೂಡಲೇ ಅಲ್ಲೇ ನಿಲ್ಲಿಸಿ, ಉಳಿದದ್ದನ್ನು ಫ್ರೀಸ್ಟೈಲ್‌ನಲ್ಲಿ ಮುಗಿಸುತ್ತೇನೆ.