ಸಕ್ಕರೆ ಹತೋಟಿಗೆ ಬಂದ ವರ್ಷವೇ ಮಣಿಕಟ್ಟು ಮುರಿಯಿತು

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ 29 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನನಗೆ ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ನಿವೃತ್ತಿಯ ಮರುವರ್ಷ ಹಟ ಹಿಡಿದು ಪಥ್ಯ ಮಾಡಿದೆ, ದಿನವೂ ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ಒಂದು ಗಂಟೆ ನಡೆದೆ, 9 ಕಿಲೋ ತೂಕ ಇಳಿಸಿದೆ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 8.9ರಿಂದ 6.6ಕ್ಕೆ ಬಂತು. ಅದೇ ವರ್ಷ ಕೆರೆಯಿಂದ ಹಿಂದಿರುಗುವಾಗ ಮೆಟ್ಟಿಲಲ್ಲಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ.

ಬಿದ್ದದ್ದು ಹೇಗೆಂಬುದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ನನ್ನಂತೆಯೇ ಮಾಡುವವರು ಬಹಳ ಮಂದಿ ಇದ್ದಾರೆ. ತಿಂಡಿಯ ಜೊತೆ ತೆಗೆದುಕೊಳ್ಳಬೇಕಾದ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಮರೆತುಬಿಡುತ್ತೇನೆಂದು ಎದ್ದ ಕೂಡಲೇ ನುಂಗಿ, ಬರೀ ಹೊಟ್ಟೆಯಲ್ಲಿ ನಡೆಯಲು ಹೋಗಿ, ಎಂಟು ಗಂಟೆಗೆ ಮನೆಗೆ ಬಂದು ತಿಂಡಿ ತಿನ್ನುವುದು ನನ್ನ ರೂಢಿಯಾಗಿತ್ತು. ಆ ದಿನ ಕೆರೆಯ ಏರಿಯಿಂದ ಇಳಿಯುವಾಗ ಕೈ ನಡುಗಿತು, ಕುತ್ತಿಗೆಯ ಹಿಂದೆ ತಣ್ಣಗೆ ಬೆವರಿತು, ಕೊನೆಯ ಮೆಟ್ಟಿಲು ಕಾಲಿಗೆ ಸಿಗಲಿಲ್ಲ; ಕೈಯೂರಿ ಬಿದ್ದೆ. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 58 ಇತ್ತು. 70ಕ್ಕಿಂತ ಕೆಳಗಿಳಿದರೆ ಅದು ಕಡಿಮೆ ಸಕ್ಕರೆಯ ಅಪಾಯವೆಂದು ನನಗೆ ಗೊತ್ತಿತ್ತು. ಆದರೆ ಸಕ್ಕರೆ ಇಳಿದಷ್ಟೂ ಒಳ್ಳೆಯದೆಂಬ ಭಾವನೆ ಆ ತಿಳಿವಳಿಕೆಯನ್ನು ಮುಚ್ಚಿಬಿಟ್ಟಿತ್ತು.

ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕಿಯಾದ ಟಿ-ಸ್ಕೋರ್ ಮೈನಸ್ 1.4 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮಾತ್ರ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಎನ್ನುತ್ತಾರಾದ್ದರಿಂದ ನನ್ನ ಮೂಳೆ ಅಷ್ಟೇನೂ ಕೆಟ್ಟಿಲ್ಲವೆಂದುಕೊಂಡೆ. ವೈದ್ಯರು ಒಪ್ಪಲಿಲ್ಲ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಸ್ಕ್ಯಾನಿನ ಅಂಕಿ ಎಷ್ಟೋ ವೇಳೆ ಸರಿಯಾಗಿಯೇ ಇದ್ದು, ಮೂಳೆ ಮುರಿಯುವ ಅಪಾಯ ಮಾತ್ರ ಹೆಚ್ಚಿರುತ್ತದೆ. ಸ್ಕ್ಯಾನ್ ಅಳೆಯುವುದು ಮೂಳೆಯಲ್ಲಿ ಖನಿಜ ಎಷ್ಟಿದೆ ಎಂಬುದನ್ನೇ ಹೊರತು ಅದರ ಗುಣವನ್ನಲ್ಲ ಎಂದರು. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಾಗಿ ಉಳಿದ ಸಕ್ಕರೆ ಮೂಳೆಯೊಳಗಿನ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿಗೆ ಅಂಟಿಕೊಂಡು ಅವುಗಳನ್ನು ಪೆಡಸಾಗಿಸುತ್ತದೆ, ಹಳೆಯ ಮೂಳೆ ಸವೆದು ಹೊಸದು ಕೂಡುವ ಕೆಲಸವೂ ನಿಧಾನವಾಗುತ್ತದೆ. ಹಸಿ ಬಿದಿರು ಬಾಗುತ್ತದೆ, ಒಣಗಿದ ಬಿದಿರು ಲಟಕ್ಕನೆ ಮುರಿಯುತ್ತದೆ. ನನಗೆ ಅರ್ಥವಾದದ್ದು ಹೀಗೆ. ಇದರ ಮೇಲೆ ಅವಸರದಲ್ಲಿ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಮೂಳೆಯೂ ಕರಗುತ್ತವೆ. ಆಗ ಭಾರ ಎತ್ತುವ ವ್ಯಾಯಾಮ ಬೇಕೇ ಬೇಕಂತೆ. ನಾನು ಅದನ್ನು ಒಂದು ದಿನವೂ ಮಾಡಿರಲಿಲ್ಲ.

ಮಾತ್ರೆಯ ವಿಷಯವನ್ನು ಮೊದಲು ಸರಿಪಡಿಸಿಕೊಂಡೆ. ವೈದ್ಯರು ಗ್ಲಿಮೆಪಿರೈಡ್ ನಿಲ್ಲಿಸಿ, ಅಷ್ಟು ಸುಲಭವಾಗಿ ಸಕ್ಕರೆಯನ್ನು ಕೆಳಗಿಳಿಸದ ಬೇರೊಂದನ್ನು ಬರೆದುಕೊಟ್ಟರು. ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆಯಾದ ಪಯೋಗ್ಲಿಟಜೋನ್ ಹೆಂಗಸರಲ್ಲಿ ಮೂಳೆ ಮುರಿತವನ್ನು ಹೆಚ್ಚಿಸುವುದರಿಂದ ಅದು ನನ್ನ ಚೀಟಿಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಿಗೆ ವಿಟಮಿನ್ ಬಿ12 ಕಡಿಮೆಯಾಗಿ, ಸಕ್ಕರೆ ಕಾಯಿಲೆಯಿಂದ ಮೊದಲೇ ಕುಂದಿದ ಪಾದದ ಸ್ಪರ್ಶ ಇನ್ನಷ್ಟು ಮಂಕಾಗಬಹುದಾದ್ದರಿಂದ ಅದನ್ನೂ ಪರೀಕ್ಷಿಸಿದರು. ವಿಟಮಿನ್ ಡಿ 14 ಇತ್ತು. 20ಕ್ಕಿಂತ ಕಡಿಮೆಯಾದರೆ ಕೊರತೆ. ನಮ್ಮೂರಿನ ಬಿಸಿಲಿನಲ್ಲಿ ಇದು ಹೇಗೆಂದು ಆಶ್ಚರ್ಯಪಟ್ಟೆ. ಬಿಸಿಲು ಏರುವ ಮೊದಲೇ ನಡೆದು ಬಂದು ಉಳಿದ ದಿನವೆಲ್ಲ ಮನೆಯೊಳಗಿದ್ದರೆ ಆ ಬಿಸಿಲು ಮೈಗೆ ಸೋಕುವುದೇ ಇಲ್ಲ.

ವ್ಯಾಯಾಮವನ್ನು ಕಲಿಸಿದವಳು ಫಿಸಿಯೋಥೆರಪಿಸ್ಟ್ ಹುಡುಗಿ. "ಮೇಡಂ, ವಾಕಿಂಗ್ ಬಿಡಬೇಡಿ. ಆದ್ರೆ ಅದೊಂದ್ರಿಂದ್ಲೇ ಮೂಳೆಗೆ ಸಾಲಲ್ಲ, ಮೂಳೆ ಮೇಲೆ ಭಾರ ಬೀಳ್ಬೇಕು" ಎಂದಳು. ಮೊದಲ ದಿನ ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣವೆಂದಳು. ನಾನು ಎದ್ದದ್ದು ಆರು ಸಲ. ದಿನಕ್ಕೆ ಒಂದು ಗಂಟೆ ನಡೆಯುವ ಕಾಲುಗಳ ಶಕ್ತಿ ಅಷ್ಟೇ ಇತ್ತು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ತಳ್ಳುವುದು, ತುದಿಗಾಲ ಮೇಲೆ ಎದ್ದು ನಿಲ್ಲುವುದು, ರಬ್ಬರ್ ಪಟ್ಟಿ ಎಳೆಯುವುದು ಮಾಡುತ್ತ ಬಂದೆ. ಕೈ ಗಟ್ಟಿಯಾದ ಮೇಲೆ ಒಂದು ಲೀಟರ್ ನೀರಿನ ಬಾಟಲಿ, ಅನಂತರ ಎರಡು ಲೀಟರಿನದು ಹಿಡಿದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದೆಂದು ಪದೇ ಪದೇ ಎಚ್ಚರಿಸುತ್ತಿದ್ದಳು. ಕಣ್ಣಿನ ಹಿಂಪದರಕ್ಕೆ ಕಾಯಿಲೆ ತಗುಲಿದವರಿಗೆ ಆ ಒತ್ತಡದಿಂದ ಅಪಾಯವಾಗಬಹುದಾದ್ದರಿಂದ ಕಣ್ಣಿನ ಪರೀಕ್ಷೆಯ ವರದಿಯನ್ನು ನೋಡಿದ ಮೇಲೆಯೇ ಬಾಟಲಿಯನ್ನು ನನ್ನ ಕೈಗೆ ಕೊಟ್ಟದ್ದು.

ಸಮತೋಲನದ ಅಭ್ಯಾಸ ನನ್ನ ಅಡುಗೆಮನೆಯಲ್ಲೇ ನಡೆಯುತ್ತದೆ. ನೆಲದ ಟೈಲ್ಸ್ ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ, ಒಂದು ಕೈಯನ್ನು ಕಟ್ಟೆಯ ಮೇಲೆ ಇಟ್ಟು, ಒಲೆಯಿಂದ ಬಾಗಿಲವರೆಗೆ ಹೋಗಿ ಬರುತ್ತೇನೆ. ಕಾವಲಿಯ ಮೇಲೆ ರೊಟ್ಟಿ ಬೇಯುವಷ್ಟು ಹೊತ್ತು ಒಂಟಿ ಕಾಲಲ್ಲಿ ನಿಲ್ಲುತ್ತಿದ್ದೆ. ಒಲೆಯ ಹತ್ತಿರ ಅದು ಬೇಡವೆಂದು ಯಜಮಾನರು ಗದರಿದ್ದು ಸರಿಯೇ ಆಗಿತ್ತು, ಈಗ ಅದನ್ನು ಪಡಸಾಲೆಯಲ್ಲಿ ಮಾಡುತ್ತೇನೆ.

ಬೆಳಗಿನ ಒಂದು ಗಂಟೆಯ ನಡಿಗೆಯನ್ನು ಅರ್ಧ ಗಂಟೆಗೆ ಇಳಿಸಿ, ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ 15 ನಿಮಿಷದಂತೆ ಹಂಚಿಕೊಂಡಿದ್ದೇನೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಸಹಾಯವನ್ನು ಅಷ್ಟಾಗಿ ಕಾಯದೆ ರಕ್ತದ ಗ್ಲೂಕೋಸನ್ನು ತಾನೇ ಎಳೆದುಕೊಳ್ಳುತ್ತದೆ. ಊಟವಾಗಿ ಎರಡು ಗಂಟೆಗೆ 210ರ ಆಸುಪಾಸು ಇರುತ್ತಿದ್ದ ನನ್ನ ಸಕ್ಕರೆ ಈಗ 160, 170ರಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿ, 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದೇ ಹೋಗುತ್ತೇನೆ. ಸೆರಗಿನ ಗಂಟಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇದ್ದೇ ಇರುತ್ತದೆ.

ರಾಗಿ ತಿಂದರೆ ಮೂಳೆಗೆ ಸಾಕೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ ಇರುವುದು ನಿಜ. ಆದರೆ 60 ಗ್ರಾಂ ಹಿಟ್ಟಿನ ಒಂದು ಮುದ್ದೆಯಿಂದ ಸಿಗುವುದು 200ರಷ್ಟು, ನನ್ನ ವಯಸ್ಸಿನವರಿಗೆ ಬೇಕಾದದ್ದು ದಿನಕ್ಕೆ 1,000ದಿಂದ 1,200. ಹಾಗೆಂದು ಮೂರು ಮುದ್ದೆ ತಿಂದರೆ ಸಕ್ಕರೆ ಏರದೆ ಇರುವುದಿಲ್ಲ. ಒಂದು ಚಿಕ್ಕ ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯ, ಎರಡು ಲೋಟ ಮೊಸರು ಅಥವಾ ಹಾಲು, ಎಳ್ಳಿನ ಚಟ್ನಿಪುಡಿ ಇವುಗಳಿಂದ ಬಹುಪಾಲು ತುಂಬಿಸಿಕೊಳ್ಳುತ್ತೇನೆ. ಉಳಿದದ್ದಕ್ಕೆ ವೈದ್ಯರು ಹೇಳಿದ ಮಾತ್ರೆ ಇದೆ.

ಇದೆಲ್ಲ ಶುರುವಾಗಿ ಎರಡು ವರ್ಷವಾಯಿತು. ಎಚ್‌ಬಿಎ1ಸಿ 6.9 ಇದೆ, ಮೊದಲಿಗಿಂತ ತುಸು ಹೆಚ್ಚೇ, ಆದರೆ ಈ ಅವಧಿಯಲ್ಲಿ ಸಕ್ಕರೆ ಒಮ್ಮೆಯೂ 70ಕ್ಕಿಂತ ಕೆಳಗಿಳಿದಿಲ್ಲ. ಟಿ-ಸ್ಕೋರ್ ಇದ್ದಲ್ಲಿಯೇ ಇದೆ. ಕುರ್ಚಿಯಿಂದ 30 ಸೆಕೆಂಡಿನಲ್ಲಿ 13 ಸಲ ಏಳುತ್ತೇನೆ. ಎಡಗಾಲೊಂದರ ಮೇಲೆ 18 ಸೆಕೆಂಡು ನಿಲ್ಲಬಲ್ಲೆ. ಸ್ಪರ್ಶ ಕಡಿಮೆಯಿರುವ ಬಲಗಾಲಲ್ಲಿ ಇನ್ನೂ 11 ಸೆಕೆಂಡು ದಾಟಿಲ್ಲ, ಆದ್ದರಿಂದ ಕೆರೆಯ ಮೆಟ್ಟಿಲು ಇಳಿಯುವಾಗ ಈಗಲೂ ಯಜಮಾನರ ಭುಜ ಹಿಡಿದೇ ಇಳಿಯುತ್ತೇನೆ.